ಮೇಲಿನ ಮೂಲೆಯ ಮಣ್ಣು

ಸೆಪ್ಟೆಂಬರ್ 9, ಸೋಮವಾರ. ಸಂಜೆ 5

ಏಳನೇ ತರಗತಿಯವರಿಗೆ ಟಾಯ್ಲೆಟ್ ಪೇಪರಿನ ಪಾಠ. ಪ್ರತಿ ವರ್ಷ ಮೊದಲ ವಾರ ಇದೇ. ಕಾರಿಡಾರಿನ ಉದ್ದಕ್ಕೂ ಸುರುಳಿ ಬಿಚ್ಚುವುದು, ಒಂದು ಹಾಳೆಗೆ ಇಪ್ಪತ್ತು ವರ್ಷ. ಇಲ್ಲಿ ರೋಮನ್ನರು ಬಂದರು, ಇಲ್ಲಿ ಗಂಟುಮೂಟೆ ಕಟ್ಟಿದರು, ಇಲ್ಲಿ ಸ್ಯಾಕ್ಸನರು ದೋಣಿ ಇಳಿದರು, ಇಲ್ಲಿ ವೈಕಿಂಗರು, ಇಲ್ಲಿ 1066, ನಾರ್ಮನ್ನರು. ಒಬ್ಬ ಕೇಳಿದ, "ಮಿಸ್, ನೀವು ಎಷ್ಟು ಹಾಳೆ?" ಹೆಚ್ಚುಕಡಿಮೆ ಮೂರು ಎಂದೆ. "ಅಷ್ಟೇನಾ?" ಎಂದು ಬೇಜಾರು ಮಾಡಿಕೊಂಡ.

ಆಮೇಲೆ ಸ್ಟಾಫ್ ರೂಮ್. ಟೇಬಲ್ಲಿನ ಮೇಲೆ ರಟ್ಟಿನ ಪೆಟ್ಟಿಗೆ. ಪ್ರೆವೆಟ್ ಕತ್ತರಿ ಹಿಡಿದು ಅದರ ಸುತ್ತ ಕುಣಿಯುತ್ತಿದ್ದ. ಜೂಲಿಯನ್ ಪ್ರೆವೆಟ್, ನಮ್ಮ ಇತಿಹಾಸ ವಿಭಾಗದ ಮುಖ್ಯಸ್ಥ, ಬಂದು ಎರಡು ವರ್ಷ. ಒಳಗೆ ನಮ್ಮೂರ ಇತಿಹಾಸದ ಪುಸ್ತಿಕೆಗಳು. ನುಣುಪು ಹಾಳೆ, ಬಣ್ಣದ ಚಿತ್ರ. '1066ಕ್ಕೆ ಮುಂಚಿನ ಸ್ಕೆರ್ಬರ್ನ್ — ಜೂಲಿಯನ್ ಪ್ರೆವೆಟ್.'

ತೆರೆದೆ. ನನ್ನ ವಾಕ್ಯ. ನನ್ನ ನಕ್ಷೆ... ನೆಟಲ್ಟನ್ ಹೊಲದ್ದು, ನಾನೇ ಕೈಯಲ್ಲಿ ಬರೆದದ್ದು. ನನ್ನ ಪ್ರಶ್ನೆಗಳು. ಹತ್ತೊಂಬತ್ತು ವರ್ಷ ಮಕ್ಕಳನ್ನು ಕಟ್ಟಿಕೊಂಡು ಕೆಸರು ತುಳಿದು ಮಾಡಿದ ಪಾಠಮಾಲೆ ಪೂರ್ತಿ. ಕೊನೆಯ ಪುಟದಲ್ಲಿ, ಇರುವೆಯಂಥ ಅಕ್ಷರದಲ್ಲಿ: 'ಸಹಕರಿಸಿದ ಸಹೋದ್ಯೋಗಿಗಳಿಗೆ ಕೃತಜ್ಞತೆ.'

"ಜೂಲಿಯನ್, ನನ್ನ ಹೆಸರೆಲ್ಲಿ?"

"ಅಯ್ಯೋ ಮರಿಯನ್, ಒಬ್ಬೊಬ್ಬರ ಹೆಸರು ಹಾಕ್ತಾ ಕೂತ್ರೆ ಮುಗಿಯುತ್ತಾ? ಇದು ನಮ್ಮೆಲ್ಲರ ಕೆಲಸ ಅಲ್ವಾ."

"ಮುಖಪುಟದಲ್ಲಿ ನಿಮ್ಮದಿದೆಯಲ್ಲ."

"ಯಾರದಾದ್ರೂ ಒಂದು ಇರಬೇಕಲ್ಲ!" ಹಲ್ಲು ಕಿರಿದ. ಒಂದು ಪ್ರತಿಗೆ ಸಹಿ ಹಾಕಿ ನನ್ನ ಕೈಗಿಟ್ಟ. ನನ್ನ ಪುಸ್ತಕಕ್ಕೆ ಅವನ ಸಹಿ!

ಕೈಚೀಲದಲ್ಲಿ ಅವನಿಗೆಂದೇ ಬರೆದ ನಾಲ್ಕು ಪುಟದ ಕಾಗದವಿತ್ತು. ಇವತ್ತು ಕೊಡಬೇಕೆಂದೇ ತಂದಿದ್ದೆ. ಕೊಡಲಿಲ್ಲ. ಮನೆಗೆ ವಾಪಸು ತಂದೆ.

ಸೆಪ್ಟೆಂಬರ್ 12, ಗುರುವಾರ

ಆ ಕಾಗದದಲ್ಲಿ ಏನಿದೆ ಎಂದು ಇಲ್ಲೂ ಬರೆದಿಡುತ್ತೇನೆ. ಮುಂದೆ ನನಗೇ ಅನುಮಾನ ಬರಬಾರದು.

ಆಗಸ್ಟ್ 3. ನೆಟಲ್ಟನ್ ಅಜ್ಜಿಯನ್ನು ನೋಡಲು ವೃದ್ಧಾಶ್ರಮಕ್ಕೆ ಹೋಗಿದ್ದೆ. ಚರ್ಚಿನ ಹಿಂದಿನ ಹೊಲ ಅವರದು, ಈಗ ಮಗ ಉಳುತ್ತಾನೆ. ಅಜ್ಜಿಗೆ ತೊಂಬತ್ತೊಂದು. ಕಿವಿ ಮಂದ, ನೆನಪು ಚುರುಕು. ಹೋದ ವರ್ಷ ನನ್ನ ವಿದ್ಯಾರ್ಥಿನಿ ಕೆಜಿಯಾ ಬೆಲ್ ಅದೇ ಹೊಲದಲ್ಲಿ ಆರಿಸಿದ ಮಡಕೆ ಚೂರಿನ ಫೋಟೋ ತೋರಿಸಿದೆ. ಕಪ್ಪು ಚೂರು, ಮೇಲೆ ಮೂರು ಪುಟ್ಟ ಹೂವಿನಚ್ಚು. ಸಾವಿರದ ಐನೂರು ವರ್ಷ ಹಳೆಯದು, ಅದರಲ್ಲಿ ಸಂಶಯವಿಲ್ಲ.

"ಎಲ್ಲಿ ಸಿಕ್ತು?" ಎಂದರು.

"ಮೇಲಿನ ಮೂಲೇಲಿ. ಎಲ್ಲಾ ಚೂರೂ ಅಲ್ಲೇ ಸಿಗೋದು."

"ಮತ್ತೆ ಸಿಗದೆ ಏನು! ಅದು ನಮ್ಮ ಮಣ್ಣೇ ಅಲ್ಲ ಕಣೇ ಹುಡುಗಿ. ಅಲ್ಲಿ ಬರೀ ಜೌಗು, ಹಸು ಹೊಟ್ಟೆ ತನಕ ಹೂತುಹೋಗ್ತಿತ್ತು. ಐವತ್ತೆಂಟರಲ್ಲಿ ಹಗ್ಬಿ ದಿಬ್ಬ ಕಡಿದು ರಸ್ತೆ ಅಗಲ ಮಾಡಿದ್ರಲ್ಲ, ಆ ಮಣ್ಣನ್ನ ನಮ್ಮ ಯಜಮಾನ್ರು ತಂದು ಹೊಡೆಸಿದ್ರು. ನಲವತ್ತು ಟ್ರೇಲರು! ನಾನು ಮಗೂನ ಎತ್ಕೊಂಡು ನಿಂತು ಎಣಿಸಿದ್ದೀನಿ."

ಮಾರನೇ ವಾರ ಕೌಂಟಿ ದಾಖಲೆ ಕಚೇರಿಗೆ ಹೋಗಿ ರಸ್ತೆಯ ಕಡತ ತೆಗೆಸಿದೆ. ಅಜ್ಜಿ ಹೇಳಿದ್ದು ಅಕ್ಷರಶಃ ನಿಜ. ಮಣ್ಣು ಬೇಕೆಂದು ನೆಟಲ್ಟನ್ ಬರೆದ ಪತ್ರವೂ ಇದೆ.

ಅಂದರೆ ನಮ್ಮೂರ ಸ್ಯಾಕ್ಸನರು ನಮ್ಮೂರವರೇ ಅಲ್ಲ. ಹಗ್ಬಿಯವರು. ಮೂರು ಮೈಲಿ ಆಚೆಯ ಹಗ್ಬಿ, ಫುಟ್‌ಬಾಲಿನಲ್ಲಿ ಗೆದ್ದಾಗಲೆಲ್ಲ ಬಸ್ಸಿನ ಕಿಟಕಿಯಿಂದ ನಮಗೆ ನಾಲಿಗೆ ತೋರಿಸಿ ಹೋಗುವ ಹಗ್ಬಿ. 'ಸ್ಕೆರ್ಬರ್ನಿನ ಮೊದಲ ಮನೆಗಳು' ಎಂಬ ಇಡೀ ಅಧ್ಯಾಯ ಬುಡಮೇಲು. ಹತ್ತೊಂಬತ್ತು ವರ್ಷ ಆ ಹೊಲ ನಡೆದೆ, ಮಣ್ಣು ಎಲ್ಲಿಂದ ಬಂತು ಎಂದು ಒಂದು ದಿನ ಕೇಳಲಿಲ್ಲ. ನಾಚಿಕೆಯಿಂದ ಎರಡು ರಾತ್ರಿ ನಿದ್ದೆಯಿಲ್ಲ. ತಿದ್ದೋಣ ಎಂದೇ ಕಾಗದ ಬರೆದದ್ದು.

ಆಗ ತಪ್ಪು ನನ್ನದಾಗಿತ್ತು. ಈಗ ಅವನದು. ಹೆಸರು ಹಾಕಿಕೊಂಡಿದ್ದಾನಲ್ಲ, ಅನುಭವಿಸಲಿ.

ಸೆಪ್ಟೆಂಬರ್ 23, ಸೋಮವಾರ

ದೇವರು ಇದ್ದಾನೆ. ನವೆಂಬರ್ 23ಕ್ಕೆ ಕೌಂಟಿಯ ಸ್ಥಳೀಯ ಇತಿಹಾಸ ಸಮಾವೇಶ, ಅದರಲ್ಲಿ ಪ್ರೆವೆಟನ ಭಾಷಣ! ಮೀಟಿಂಗಿನಲ್ಲಿ ಅವನೇ ಹೇಳಿದ, ಕುರ್ಚಿಯಲ್ಲಿ ಹಿಂದಕ್ಕೆ ಒರಗಿ. ಮ್ಯೂಸಿಯಂನವರು, ಉತ್ಖನನದವರು, ಮಡಕೆ ಚೂರನ್ನು ಮೂಸಿಯೇ ವಯಸ್ಸು ಹೇಳುವವರು, ಎಲ್ಲ ಬರುತ್ತಾರೆ.

"ನೀವೂ ಬನ್ನಿ ಮರಿಯನ್. ಮುಂದಿನ ಸಾಲಲ್ಲೇ ಸೀಟು ಹಿಡಿದಿಡ್ತೀನಿ."

"ಬರದೆ ಇರ್ತೀನಾ? ಇದೊಂದನ್ನ ಮಾತ್ರ ತಪ್ಪಿಸ್ಕೊಳಲ್ಲ," ಎಂದೆ. ನಿಜವನ್ನೇ ಹೇಳಿದೆ.

ನಾನು ಏನೂ ಮಾಡಬೇಕಿಲ್ಲ. ಸುಳ್ಳು ಹೇಳಬೇಕಿಲ್ಲ, ಯಾರಿಗೂ ಚಾಡಿ ಬರೆಯಬೇಕಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ನಾನೂರು ಜನರ ಎದುರು ಮಂಗಳಾರತಿ ಆಗಲಿ ಅವನಿಗೆ. ಇನ್ನು ಅರವತ್ತೊಂದು ದಿನ.

ಅಕ್ಟೋಬರ್ 4, ಶುಕ್ರವಾರ. ಸಂಜೆ

ಹೊಲ ನಡೆಯುವ ದಿನ. ಉಳುಮೆ ಮುಗಿದು ಒಂದು ಮಳೆ ಬಿದ್ದ ಮೇಲೆ ಏಳನೆಯವರನ್ನು ಕರೆದೊಯ್ಯುವುದು ನಾನು ಶುರು ಮಾಡಿದ ರೂಢಿ. ಹತ್ತು ಹೆಜ್ಜೆಗೊಬ್ಬರಂತೆ ಸಾಲು, ಕೈಯಲ್ಲಿ ಚೀಲ, ಕಣ್ಣು ನೆಲದ ಮೇಲೆ. ಸಿಕ್ಕಿದ್ದೆಲ್ಲ ಚೀಲಕ್ಕೆ, ಆಮೇಲೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆಯುವುದು. ಈ ಸಲ ಪ್ರೆವೆಟನೂ ಬಂದ. ಹೊಸ ಹಸಿರು ಬೂಟು, ಜೊತೆಗೆ ಪತ್ರಿಕೆಯ ಫೋಟೋದವನು.

"ಎಲ್ಲರನ್ನೂ ಮೇಲಿನ ಮೂಲೆಗೆ ಬಿಡಿ, ಅಲ್ಲಿ ತಾನೆ ಸಿಗೋದು?"

ಬಿಟ್ಟೆ. ಇಪ್ಪತ್ತು ನಿಮಿಷದಲ್ಲಿ ಏಳು ಚೂರು. ಮಕ್ಕಳ ಕೂಗಾಟಕ್ಕೆ ಕಾಗೆಗಳೆಲ್ಲ ಎದ್ದುಹೋದವು. "ಮಿಸ್, ಇದು ನಮ್ಮ ಮುತ್ತಾತಂದಾ?" ಎಂದಳು ಒಬ್ಬಳು. "ಇರಬಹುದು," ಎಂದೆ. ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ಇಷ್ಟು ಚೆನ್ನಾಗಿ ನಟಿಸುತ್ತೇನೆ ಎಂದು ನನಗೇ ಗೊತ್ತಿರಲಿಲ್ಲ.

ಮಧ್ಯಾಹ್ನ ಎಂಟು-ಬಿ ತರಗತಿಯ ಕೆಜಿಯಾ ಚೂರು ತೊಳೆಯಲು ತಾನಾಗಿಯೇ ಬಂದಳು. ಮೊದಲು ಬಾಯಿ ಬಿಡದ ಹುಡುಗಿ. ಹೋದ ವರ್ಷ ಮೊದಲ ಆರು ವಾರ ಕೊನೆಯ ಬೆಂಚಿನಲ್ಲಿ ಕೋಟೂ ಬಿಚ್ಚದೆ ಕೂತಿದ್ದಳು. ಆ ಹೂವಿನಚ್ಚಿನ ಚೂರು ಸಿಕ್ಕಿದ ದಿನದಿಂದ ಬೇರೆಯೇ ಮಗು. ಲೈಬ್ರರಿಯಲ್ಲಿ ಸ್ಯಾಕ್ಸನರ ಮೇಲಿದ್ದ ಪುಸ್ತಕಗಳೆಲ್ಲ ಮುಗಿದಿವೆ.

"ಅಚ್ಚು ಒತ್ತಿದೋಳು ಹೆಂಗಸೇ ಮಿಸ್, ನಂಗೊತ್ತು," ಎಂದಳು ಉಜ್ಜುತ್ತ. "ಮೂರನೇದು ಸ್ವಲ್ಪ ಸೊಟ್ಟ. ಯಾರೋ ಕರೆದಿರ್ಬೇಕು, ಆ ಕಡೆ ತಿರುಗಿದ್ಲು."

ಅಕ್ಟೋಬರ್ 17, ಗುರುವಾರ

ಹಾಳಾದವನು! ವೇದಿಕೆಗೆ ಕೆಜಿಯಾಳನ್ನೂ ಹತ್ತಿಸುತ್ತಾನಂತೆ. "ಜನಕ್ಕೆ ಮಕ್ಕಳು ಇಷ್ಟ. ಚೂರು ಸಿಕ್ಕಿದ ಕಥೆ ಅವಳೇ ಹೇಳ್ಲಿ, ನಾನು ಉಳಿದದ್ದು ನೋಡ್ಕೋತೀನಿ."

"ಅವಳಿಗೆ ಜನ ಅಂದ್ರೆ ಭಯ. ಬೇರೆ ಯಾರನ್ನಾದ್ರೂ ನೋಡಿ," ಎಂದೆ.

"ಕೇಳಿದೆ ಮರಿಯನ್, ಕುಣಿದಾಡಿಬಿಟ್ಲು. ಅವಳ ಅಮ್ಮ ಆವತ್ತು ಕೆಲಸಕ್ಕೆ ರಜಾ ಹಾಕ್ತಾರಂತೆ."

ಇದು ನನ್ನ ಲೆಕ್ಕದಲ್ಲಿ ಇರಲಿಲ್ಲ. ಗುಂಡಿ ತೋಡಿದ್ದು ಅವನಿಗೆ. ಕೈ ಹಿಡಿದು ಮಗುವನ್ನೂ ಎಳೆದುಕೊಂಡು ಬರುತ್ತಿದ್ದಾನೆ.

ಈಗಲೂ ಕಾಗದ ಕೊಡಬಹುದು. ಕೊಟ್ಟರೆ? 'ಪ್ರೆವೆಟ್ ತಾವೇ ಪರಿಶೀಲಿಸಿ ತಿದ್ದಿದರು' ಎಂದು ಎರಡನೇ ಮುದ್ರಣ ಬರುತ್ತದೆ. ನನ್ನ ಶೋಧಕ್ಕೂ ಅವನದೇ ಹೆಸರು. ಥೂ! ಇಲ್ಲ. ಕೊಡುವುದಿಲ್ಲ.

ನವೆಂಬರ್ 5, ಮಂಗಳವಾರ. ಸಂಜೆ 6

ನಡುವೆ ಅರ್ಧವಾರ್ಷಿಕ ರಜೆ. ಏನೂ ಬರೆಯಲಿಲ್ಲ. ಬರೆಯುವುದಕ್ಕೆ ಇದ್ದದ್ದು ಒಂದೇ ವಿಷಯ, ಅದನ್ನು ನೋಡಲು ಮನಸ್ಸಿರಲಿಲ್ಲ.

ನವೆಂಬರ್ ಐದರ ರೂಢಿಯಂತೆ ಬೀದಿಯಲ್ಲಿ ಪಟಾಕಿ. ಡೆಸ್ಮಂಡ್ ಜೋಳಿಗೆಯಷ್ಟು ಆಲೂಗಡ್ಡೆ ಒಲೆಗಿಟ್ಟಿದ್ದಾನೆ. ಅವನಿಗೆ ಎಲ್ಲ ಹೇಳಿದೆ. ನನ್ನ ಗಂಡ, ಮದುವೆಯಾಗಿ ಮೂವತ್ತು ವರ್ಷ, ಪ್ಲಂಬರು, ಸುತ್ತಿ ಬಳಸಿ ಮಾತಾಡಿ ಗೊತ್ತಿಲ್ಲ.

"ಹೇಳ್ಬಿಡು ಮಾರಾಯ್ತಿ."

"ಅವನು ನನ್ನ ಹತ್ತೊಂಬತ್ತು ವರ್ಷ ನುಂಗಿದ್ದಾನೆ, ಡೆಸ್."

"ನುಂಗಿದ. ಸರಿ. ಆ ಹುಡುಗಿ ಏನು ನುಂಗಿದ್ಲು?"

"ಅವಳಿಗೇನೂ ಆಗಲ್ಲ. ಮಗು ಅಂತ ಯಾರೂ ಏನೂ ಅನ್ನಲ್ಲ."

"ಹಾಗಂತ ನಿಂಗೆ ಖಾತ್ರೀನಾ, ಇಲ್ಲ ಹಾಗಿರ್ಲಿ ಅಂತ ಆಸೇನಾ?" ಎಂದು ಆಲೂಗಡ್ಡೆ ತಿರುವಿಹಾಕಲು ಎದ್ದುಹೋದ. ನನಗೆ ಸಿಟ್ಟು ಬಂತು. ಅವನ ಪೈಪುಗಳನ್ನು ಯಾರಾದರೂ ತಮ್ಮದೆಂದಿದ್ದರೆ ಆಗ ನೋಡಬೇಕಿತ್ತು ಇವನ ಧರ್ಮ.

ನವೆಂಬರ್ 14, ಗುರುವಾರ

ಇದನ್ನು ಬರೆಯಲೇಬೇಕು.

ಊಟದ ಬಿಡುವಿನಲ್ಲಿ ಕೆಜಿಯಾ ಬಂದಳು. ಭಾಷಣ ಬಾಯಿಪಾಠ ಒಪ್ಪಿಸಿದಳು, ಚೆನ್ನಾಗಿತ್ತು. ಆಮೇಲೆ ಹೋಗಲಿಲ್ಲ. ಕೋಟಿನ ಜೇಬಿನಿಂದ ಎರಡು ಪ್ಲಾಸ್ಟಿಕ್ ಚೀಲ ತೆಗೆದು ಮೇಜಿನ ಮೇಲಿಟ್ಟಳು. ಎರಡರಲ್ಲೂ ಮಣ್ಣು. ರಜೆಯಲ್ಲಿ ಒಬ್ಬಳೇ ಹೊಲಕ್ಕೆ ಹೋಗಿದ್ದಾಳೆ.

"ಮಿಸ್, ಇದು ಹೊಲದ ಮಧ್ಯದ್ದು, ಅಂಟು ಮಣ್ಣು. ಇದು ಮೇಲಿನ ಮೂಲೇದು, ಬರೀ ಗರಸು. ಆ ಮೂಲೇಲಿ ಮಾತ್ರ ಯಾಕೆ ಹೀಗೆ?"

ಹದಿಮೂರು ತುಂಬಿಲ್ಲ. ಹತ್ತೊಂಬತ್ತು ವರ್ಷ ನನಗೆ ಹೊಳೆಯದ್ದು ಅವಳಿಗೆ ಹೊಳೆದಿದೆ. ತಬ್ಬಿಕೊಳ್ಳಬೇಕಿತ್ತು. ಇಡೀ ಶಾಲೆಯನ್ನು ಕರೆದು ತೋರಿಸಬೇಕಿತ್ತು. ನನ್ನ ತಲೆಯಲ್ಲಿ ಓಡಿದ್ದು ಒಂದೇ: ಇದು ಪ್ರೆವೆಟನ ಕಿವಿಗೆ ಬಿದ್ದರೆ ಒಂಬತ್ತು ದಿನ ಮೊದಲೇ ಎಚ್ಚೆತ್ತುಕೊಳ್ಳುತ್ತಾನೆ.

"ಹೊಲ ಅಂದ್ಮೇಲೆ ಅಲ್ಲಲ್ಲಿ ಹಾಗಿರುತ್ತೆ ಕಣಮ್ಮ," ಎಂದೆ. "ಅದನ್ನೆಲ್ಲ ತಲೆಗೆ ಹಚ್ಕೋಬೇಡ. ಭಾಷಣ ಗಟ್ಟಿ ಮಾಡ್ಕೋ."

"ಓ," ಎಂದಳು. "ನಾನೇನೋ ಅಂದ್ಕೊಂಡೆ." ಚೀಲಗಳನ್ನು ಕಸದ ಬುಟ್ಟಿಗೆ ಹಾಕಿ ಹೋದಳು.

ಸುಳ್ಳು ಹೇಳಬೇಕಿಲ್ಲ ಎಂದು ಸೆಪ್ಟೆಂಬರಿನಲ್ಲಿ ಬರೆದಿದ್ದೆ. ಹೇಳಿದೆ. ಅದೂ ಯಾರಿಗೆ.

ಇದನ್ನೂ ಅವನ ಖಾತೆಗೇ ಹಾಕುತ್ತೇನೆ. ಅವನು ಕದಿಯದಿದ್ದರೆ ನಾನು ಇಂಥವಳಾಗುತ್ತಿದ್ದೆನೆ?

ನವೆಂಬರ್ 23, ಶನಿವಾರ. ಸಂಜೆ 7

ಮುಂದಿನ ಸಾಲು. ಮಾತು ಉಳಿಸಿಕೊಂಡಿದ್ದ.

ಕೆಜಿಯಾ ನೀಲಿ ಫ್ರಾಕು ಹಾಕಿದ್ದಳು, ಹೊಸದು. ಅವಳ ಅಮ್ಮ ನನ್ನ ಪಕ್ಕದಲ್ಲೇ, ಮಡಿಲಲ್ಲಿ ಕೈಚೀಲ ಅವುಚಿಕೊಂಡು. "ನೀವೇ ಕಣ್ರೀ ಇವಳನ್ನ ಮನುಷ್ಯಳನ್ನಾಗಿ ಮಾಡಿದ್ದು," ಎಂದರು. ನಾನು ಕಾರ್ಯಕ್ರಮ ಪಟ್ಟಿ ಓದುವವಳಂತೆ ತಲೆ ತಗ್ಗಿಸಿದೆ.

ಹುಡುಗಿ ಒಂದು ತಪ್ಪಿಲ್ಲದೆ ಹೇಳಿದಳು. ಸೊಟ್ಟ ಹೂವು, ಆ ಹೆಂಗಸು, 'ಅವಳು ನಮ್ಮೂರವಳು' ಎನ್ನುವ ಕೊನೆಯ ಸಾಲು. ಚಪ್ಪಾಳೆಯೋ ಚಪ್ಪಾಳೆ. ಆಮೇಲೆ ಪ್ರೆವೆಟ್, ನಲವತ್ತು ನಿಮಿಷ. 'ನನ್ನ ಸಂಶೋಧನೆ' ಎಂದು ಹನ್ನೊಂದು ಸಲ ಹೇಳಿದ, ನಾನು ಎಣಿಸಿದೆ.

ಪ್ರಶ್ನೆಗಳ ಸಮಯ. ಮ್ಯೂಸಿಯಂನ ಡಾಕ್ಟರ್ ಸ್ಟ್ರೇಕರ್ ಎದ್ದರು, ಬೆಳ್ಳಿ ಕೂದಲಿನ ಸಣ್ಣ ಹೆಂಗಸು. ಮೃದುವಾಗಿಯೇ ಕೇಳಿದರು. "ಚೂರುಗಳ ಅಂಚು ಸವೆದೇ ಇಲ್ಲ, ಚಂದ ಇವೆ. ಸಾವಿರಾರು ಸಲ ಉತ್ತ ಹೊಲದಲ್ಲಿ ಹೀಗಿರೋದು ಆಶ್ಚರ್ಯ. ಮತ್ತೆ ನಿಮ್ಮ ಫೋಟೋದಲ್ಲಿ ಹೊಲವೆಲ್ಲ ಅಂಟು ಮಣ್ಣು, ಆ ಮೂಲೇಲಿ ಮಾತ್ರ ಗರಸು. ಯಾಕಿರಬಹುದು?"

ಪ್ರೆವೆಟ್ ನೀರು ಕುಡಿದ. "ಅದು... ಹೊಲ ಅಂದ್ಮೇಲೆ..."

ಹಿಂದಿನಿಂದ ಒಬ್ಬ ಮುದುಕ ಎದ್ದ. "ನಾನು ಹೇಳ್ತೀನಿ ಯಾಕೆ ಅಂತ! ಅದು ಹಗ್ಬಿ ಮಣ್ಣು! ನಮ್ಮಪ್ಪನೇ ಟ್ರಾಕ್ಟರ್ ಹೊಡ್ದದ್ದು. ನಮ್ಮ ಸೊಟ್ಟ ಹೂವಿನಜ್ಜೀನ ನಮಗೆ ವಾಪಸ್ ಕೊಡ್ರಯ್ಯಾ!"

ಸಭೆಯೆಲ್ಲ ಗೊಳ್ಳೆಂದಿತು. ಪ್ರೆವೆಟನ ಮುಖ ಬೀಟ್‌ರೂಟು. ನಿಜ ಹೇಳುತ್ತೇನೆ, ಹೊಟ್ಟೆ ತಣ್ಣಗಾಯಿತು. ಹನ್ನೊಂದು ವಾರ ಕಾದದ್ದು ಸಾರ್ಥಕ ಎನ್ನಿಸಿತು. ಒಂದು ನಿಮಿಷವೂ ಇರಲಿಲ್ಲ ಆ ಸುಖ.

ಮೈಕು ಸರಿಮಾಡಿಕೊಂಡ. ಧ್ವನಿ ತಗ್ಗಿಸಿದ. "ಒಂದು ಮಾತು ಹೇಳ್ಬೇಕು. ಈ ಕೆಲಸದ ಪೂರ್ತಿ ಶ್ರೇಯಸ್ಸು ಮರಿಯನ್ ಆಕ್ಸ್‌ಟಬಿಯವರದು. ಹೊಲ ಗುರುತಿಸಿದ್ದು, ನಕ್ಷೆ, ತೀರ್ಮಾನ, ಎಲ್ಲಾ ಅವರದೇ. ಹತ್ತೊಂಬತ್ತು ವರ್ಷ. ನಾನು ನಂಬಿ ಒಟ್ಟು ಮಾಡಿದವನು ಅಷ್ಟೇ. ಇಲ್ಲೇ ಇದ್ದಾರೆ, ಮುಂದಿನ ಸಾಲಲ್ಲಿ."

ಕೈ ತೋರಿಸಿದ. ನಾನೂರು ತಲೆ ತಿರುಗಿದವು. ನಾನು ಬೇಡಿದ್ದೆಲ್ಲ ಸಿಕ್ಕಿತು, ನನ್ನ ಹೆಸರು, ನನ್ನ ವರ್ಷಗಳು, ಸ್ಪಷ್ಟವಾಗಿ, ಮೈಕಿನಲ್ಲಿ.

ಕೆಜಿಯಾ ವೇದಿಕೆಯ ಮೇಲೇ ಇದ್ದಳು. ಅವಳು ಡಾಕ್ಟರನ್ನೂ ನೋಡುತ್ತಿರಲಿಲ್ಲ, ಮುದುಕನನ್ನೂ ನೋಡುತ್ತಿರಲಿಲ್ಲ. ಬಾಯಿ ಅರ್ಧ ತೆರೆದಿತ್ತು, ಏನೋ ಲೆಕ್ಕ ಹಾಕುತ್ತಿರುವಂತೆ. ನನ್ನನ್ನೇ ನೋಡುತ್ತಿದ್ದಳು.

ನವೆಂಬರ್ 25, ಸೋಮವಾರ. ಮಧ್ಯಾಹ್ನ 1

ಪುಸ್ತಿಕೆಗಳಿಗೆ ಆಫೀಸಿನವರು ಚೀಟಿ ಅಂಟಿಸುತ್ತಿದ್ದಾರೆ. ಪ್ರೆವೆಟನ ಹೆಸರಿನ ಮೇಲೆ ಬಿಳಿ ಚೀಟಿ: 'ಮರಿಯನ್ ಆಕ್ಸ್‌ಟಬಿ'. ದಪ್ಪಕ್ಷರ. ಅವನೂ ಈಗ ಕೊನೆಯ ಪುಟದ ಹೆಸರಿಲ್ಲದ ಸಹೋದ್ಯೋಗಿ.

ಅವನು ಬಂದ, ಎರಡು ಕಪ್ ಟೀ ಹಿಡಿದು. ಎರಡು ವರ್ಷದಲ್ಲಿ ಮೊದಲ ಸಲ.

"ಮನಸ್ಸಿಗೆ ಹಚ್ಕೋಬೇಡಿ ಮರಿಯನ್. ಯಾರಿಗಾದ್ರೂ ಆಗೋದೇ. ಹೆಡ್‌ಮಿಸ್ಟ್ರೆಸ್ಸಿಗೆ ಒಂದೆರಡು ಸಾಲು ಬರ್ದುಕೊಡಿ, ಮಣ್ಣಿನ ವಿಷಯ ನಿಮಗೂ ಗೊತ್ತಿರಲಿಲ್ಲ ಅಂತ. ಪ್ರಾಮಾಣಿಕ ತಪ್ಪು ಅಂತ ಮುಗಿಸಿಬಿಡೋಣ."

"ನಿಮಗೆ ಬಹಳ ಕಾಳಜಿ."

"ಸಹೋದ್ಯೋಗಿ ಅಂದ್ಮೇಲೆ ಇರಲ್ವಾ?"

ಬರೆದುಕೊಟ್ಟರೆ ಕಣ್ಣಿಲ್ಲದ ಮುದಿ ಟೀಚರು ನಾನು. ಗೊತ್ತಿತ್ತು ಎಂದರೆ ಅವನು ಪಾಪದ ಹಸು, ನಾನು ಮಗುವನ್ನು ವೇದಿಕೆ ಹತ್ತಿಸಿ ಮಜಾ ನೋಡಿದ ರಾಕ್ಷಸಿ. ಹೇಗೆ ತಿರುಗಿಸಿದರೂ ಅವನಿಗೆ ಒಂದು ಹನಿಯೂ ತಗುಲುವುದಿಲ್ಲ. ಎಂಥ ಚಾಲಾಕಿ! ಚಾಲಾಕಿಯೂ ಅಲ್ಲ. ದಾರಿ ಹಾಕಿಕೊಟ್ಟವಳು ನಾನೇ.

ಎರಡು ಸಾಲು ಬರೆದಿದ್ದೇನೆ. 'ನನಗೆ ಗೊತ್ತಿರಲಿಲ್ಲ...' ಮೇಜಿನ ಖಾನೆಯಲ್ಲಿದೆ. ಕೊಟ್ಟಿಲ್ಲ ಇನ್ನೂ.

ಕೆಜಿಯಾ ಇವತ್ತು ಶಾಲೆಗೆ ಬಂದಿಲ್ಲ.

ನವೆಂಬರ್ 26, ಮಂಗಳವಾರ. ಬೆಳಿಗ್ಗೆ 11.20

ಎಂಟು-ಬಿ, ಎರಡನೇ ಪೀರಿಯಡ್. ಬಂದಿದ್ದಳು. ಕೊನೆಯ ಬೆಂಚು. ಕೋಟು ಬಿಚ್ಚಿರಲಿಲ್ಲ.

ನಾರ್ಮನ್ನರ ಪಾಠ. ಏನು ಹೇಳಿದೆನೋ ನೆನಪಿಲ್ಲ. ಗಂಟೆ ಹೊಡೆಯಿತು, ಎಲ್ಲ ಓಡಿದರು, ಅವಳು ಉಳಿದಳು. ಮೇಜಿನ ಹತ್ತಿರ ಬಂದಳು. ಬರಿಗೈ.

"ಮಿಸ್, ಹೇಳಿಕೊಟ್ಟವರು ತಪ್ಪು ಮಾಡಿದ್ರು ಅಂತ ಎಲ್ಲರೂ ನಗ್ತಿದ್ದಾರೆ. ನೀವು ಹಾಗೆ ತಪ್ಪು ಮಾಡಲ್ಲ ಅಂತ ನಾನು ಜಗಳ ಆಡ್ದೆ."

ಖಾನೆಯಲ್ಲಿದ್ದ ಚೀಟಿಯನ್ನು ತೆಗೆದು ಹರಿದೆ. ಅವಳೆದುರೇ.

"ನನಗೆ ಆಗಸ್ಟ್ ಮೂರನೇ ತಾರೀಕೇ ಗೊತ್ತಾಗಿತ್ತು, ಕೆಜಿಯಾ."

ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. ಬೆರಳು ಮಡಿಸಿದಳು, ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್. ನಾಲ್ಕನೇ ಬೆರಳಿಗೆ ನಿಂತಳು.

"ಹಾಗಾದ್ರೆ ಆ ಎರಡು ಚೀಲ ತಂದು ಕೇಳಿದಾಗ ನಾನು ಸರಿಯಾಗೇ ಕೇಳಿದ್ದೆ. ನೀವು ಬೇಕಂತಲೇ..."

"ಹೌದು."

"ಯಾಕೆ ಮಿಸ್?"

ಪ್ರೆವೆಟನ ಹೆಸರು ನಾಲಿಗೆಯ ತುದಿಗೆ ಬಂದಿತ್ತು. ಹನ್ನೊಂದು ವಾರದ ಸಿಟ್ಟೆಲ್ಲ ಅಲ್ಲೇ ಇತ್ತು. ಅವಳ ಮುಖ ನೋಡಿದೆ. ನಾನು ಹೇಳಿದ್ದು ಇಷ್ಟೇ: "ನನ್ನ ಸಿಟ್ಟು ನನಗೆ ನಿನಗಿಂತ ದೊಡ್ಡದಾಗಿತ್ತು, ಕೆಜಿಯಾ."